ತಡವಾಗಿ ಬೆಳಗಿದ ನಕ್ಷತ್ರ

“ಒಬ್ಬನ ಮೇಲಿನ ಅನುಮಾನ ನಿಜವೆಂದು ರುಜುವಾತಾದ ಮೇಲೆ ಮತ್ತೆ ವಿಚಾರಿಸುವುದೇನಿದೆ?” ಎಂದು ಶಿಷ್ಯ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ಜೋಯಿಸ ಒಂದೇ ನಕ್ಷತ್ರವನ್ನು ನೋಡುತ್ತಿದ್ದ. ಅದು ಎದೆಯಂತೆ ಮಿಡಿಯುತ್ತಿತ್ತು. ಹತ್ತು ಗಳಿಗೆಗೊಮ್ಮೆ ತುಂಬಿ ಬೆಳಗುತ್ತಿತ್ತು. ಗಳಿಗೆ ಎಣಿಸಲು ಒಬ್ಬ ಬಟ್ಟಲು ಕಾಯುವವನಿದ್ದ. ಸಣ್ಣ ತೂತಿನ ತಾಮ್ರದ ಬಟ್ಟಲನ್ನು ನೀರಿನ ಮೇಲೆ ಬಿಟ್ಟು, ಅದು ಮುಳುಗಿದಾಗಲೆಲ್ಲ ಜಾಗಟೆ ಬಾರಿಸುವುದು ಅವನ ಕೆಲಸ. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ.

ಮೊದಲ ವರ್ಷ ಎಲ್ಲ ಸರಿಯಿತ್ತು. ಎರಡನೆಯ ವರ್ಷ, ಯಾವ ವಿಶೇಷವೂ ಇಲ್ಲದ ಒಂದು ದಿನ, ನಕ್ಷತ್ರ ಲೆಕ್ಕಕ್ಕಿಂತ ತಡವಾಗಿ ಬೆಳಗಿತು. ತಡ ಬೆಳೆಯುತ್ತ ಹೋಯಿತು. ಐದನೆಯ ವರ್ಷದ ಕೊನೆಗೆ ಅದು ಪೂರ್ತಿ ಒಂದು ಗಳಿಗೆಯಾಯಿತು. ಪಾಳಿ ಬೇಗ ಮುಗಿಯಲೆಂದು ಬಟ್ಟಲು ಕಾಯುವವನು ಅದನ್ನು ಬೆರಳಿನಿಂದ ಅದುಮುತ್ತಾನೆ, ಎಣಿಕೆ ಮುಂದೋಡಿ ನಕ್ಷತ್ರ ಹಿಂದೆ ಬಿದ್ದಂತೆ ಕಾಣುತ್ತದೆ ಎಂದು ಜೋಯಿಸನಿಗೆ ಅನುಮಾನ ಬಂತು. ಕಂಬದ ಹಿಂದೆ ನಿಂತು ನೋಡಿದ. ಏನೂ ಸಿಗಲಿಲ್ಲ. ಕಳ್ಳ ಜಾಣನಿದ್ದಾನೆ ಎಂದುಕೊಂಡ.

“ಬಟ್ಟಲಿಗೆ ನಾನು ಕೈ ಹಚ್ಚಿಲ್ಲ ಜೋಯಿಸರೇ. ತಡವಾಗುತ್ತಿರುವುದು ಮೇಲಿನದು.”

“ಹಾಗಾದರೆ ನಕ್ಷತ್ರವನ್ನು ಕೆಲಸದಿಂದ ತೆಗೆಯಲೇ?”

ಕೆಲಸ ಕಳೆದುಕೊಂಡ ಅವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಹೊಸಬನೊಬ್ಬ ಬಂದ. ಅಂದಿನಿಂದ ತಡ ಕಡಿಮೆಯಾಗತೊಡಗಿತು. ನಾಲ್ಕು ವರ್ಷಕ್ಕೆ ಪೂರ್ತಿ ಹೋಯಿತು. ಬಂದವರಿಗೆಲ್ಲ ಜೋಯಿಸ ಹಳಬನ ಬೆರಳಿನ ಕತೆ ಹೇಳಿದ.

ಮರುವರ್ಷ ತಡ ಮತ್ತೆ ಶುರುವಾಯಿತು. ಹೊಸಬ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ದೂರ ಕುಳಿತ. ಜೋಯಿಸ ತಾನೇ ಒಂದು ತಿಂಗಳು ಬಟ್ಟಲು ಕಾದ. ತಡ ಹೋಗಲಿಲ್ಲ.

ಆಗ ಅವನು ಇಷ್ಟು ವರ್ಷ ಲೆಕ್ಕ ಬರೆದಿಟ್ಟಿದ್ದ ಎಲ್ಲ ಓಲೆಗಳನ್ನೂ ಹರಡಿ ನೋಡಿದ. ನಾಲ್ಕು ವರ್ಷ ಏರು, ನಾಲ್ಕು ವರ್ಷ ಇಳಿತ, ಈಗ ಮತ್ತೆ ಏರು. ಸೋಮಾರಿಯ ಬೆರಳು ಇಷ್ಟು ನೇಮದಿಂದ ನಡೆಯುವುದಿಲ್ಲ. ನಕ್ಷತ್ರವೇ ದೂರ ಸರಿದು ಹತ್ತಿರ ಬರುತ್ತಿತ್ತು. ದೂರವಿದ್ದಾಗ ಅದರ ಬೆಳಕಿಗೆ ದಾರಿ ಹೆಚ್ಚು, ಅದಕ್ಕೇ ತಡ. ಸುಮ್ಮನೆ ಯಾವುದೂ ಹೀಗೆ ಹೋಗಿ ಬರುವುದಿಲ್ಲ. ಅದರ ಪಕ್ಕದಲ್ಲಿ ಕಣ್ಣಿಗೆ ಕಾಣದಷ್ಟು ಮಂಕಾದ ಇನ್ನೊಂದು ನಕ್ಷತ್ರವಿತ್ತು. ಎರಡೂ ಒಂದನ್ನೊಂದು ಸುತ್ತುತ್ತಿದ್ದವು. ಒಮ್ಮೆಯೂ ನೋಡದ ಆ ಜೊತೆಗಾರನ ಸುತ್ತು ಎಂಟು ವರ್ಷ ಎಂದು ಜೋಯಿಸ ಓಲೆಯಲ್ಲಿ ಬರೆದ.

ಹಳಬನನ್ನು ಮರಳಿ ಕರೆಸಿದನೇ ಎಂದು ಶಿಷ್ಯ ಕೇಳಿದ.

“ಹುಡುಕಿಕೊಂಡು ಹೊರಟ,” ಎಂದರು ಗುರುಗಳು. “ಮೊದಲ ಊರಿನಲ್ಲೇ ಅವನ ಹೆಸರೇನು ಎಂದು ಕೇಳಿದರು, ಜೋಯಿಸನಿಗೆ ಅದು ಗೊತ್ತಿರಲಿಲ್ಲ.”