ದೋಣಿ ಎಂಜಿನ್ನಿಗೆ ಬಳಿದ ವಿಭೂತಿ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಕಥೆ ಬರೆದು ನನಗೆ ರೂಢಿಯಿಲ್ಲ. ಅಡವಯ್ಯನವರ ಬಾಯಿಂದ ಇದನ್ನು ಕೇಳಿದಾಗ ನನ್ನ ಮೈ ಜುಮ್ಮೆಂದಿತ್ತು. ನಾನು ಹೇಳಿದರೆ ನಿಮಗೆ ಹಾಗೆ ಆಗದಿರಬಹುದು. ಆಗದಿದ್ದರೆ ತಪ್ಪು ನನ್ನದು, ಕಥೆಯದಲ್ಲ. ಅಲ್ಲಲ್ಲಿ ಬೇಡದ್ದನ್ನೂ ಬಿಡಿಸಿ ಹೇಳುತ್ತೇನೆ, ಸಹಿಸಿಕೊಳ್ಳಿ. ಕಥೆಯಲ್ಲಿ ಬರುವ ದೋಣಿ ಈಗ ನನ್ನ ಕೈಯಲ್ಲಿದೆ, ಅದಕ್ಕೇ ಹೇಳುವ ಧೈರ್ಯ ಮಾಡಿದ್ದೇನೆ.

ಹೊಳೆಯ ನಡುವೆ ಒಂದು ನಡುಗಡ್ಡೆ. ಅದರ ಮೇಲೆ ಒಂದು ಮಠ, ಕೆಲವು ಮನೆಗಳು. ನಡುಗಡ್ಡೆ ಎಂದರೆ ಸುತ್ತ ನೀರು, ಅದು ನಿಮಗೆ ಗೊತ್ತು. ಮಳೆಗಾಲದಲ್ಲಿ ಸುತ್ತ ನೀರು ಎಂದರೆ ಏನು ಎಂಬುದು ಅಲ್ಲಿರುವವರಿಗೇ ಗೊತ್ತು.

ಮಠದ ಗುರುಗಳು ನಿರುಪಾದಿ ಅಜ್ಜ. ನಮ್ಮ ಕಡೆ ಮಠದ ಸ್ವಾಮಿಗಳನ್ನು ಅಜ್ಜ ಎಂದೇ ಕರೆಯುವುದು. ಅವರ ಶಿಷ್ಯ ಅಡವಯ್ಯ.

ಅಡವಯ್ಯನ ಕೆಲಸ ನಂದಾದೀಪ ನೋಡಿಕೊಳ್ಳುವುದು. ಅದಕ್ಕೊಂದು ಕ್ರಮವಿದೆ. ಇದನ್ನು ಸ್ವಲ್ಪ ನೆನಪಿಡಿ, ಮುಂದೆ ಬೇಕಾಗುತ್ತದೆ. ನಂದಾದೀಪದ ಎಣ್ಣೆಯನ್ನು ಎಂದೂ ಖಾಲಿ ಮಾಡುವುದಿಲ್ಲ. ಕಡಿಮೆಯಾದಷ್ಟು ಸುರಿಯುತ್ತಾ ಹೋಗುವುದು. ಹಳೆಯದರ ಮೇಲೆ ಹೊಸದು. ಅಡವಯ್ಯ ಬಂದ ಮೇಲೆ ಆ ದೀಪ ಒಮ್ಮೆಯೂ ಆರಿರಲಿಲ್ಲ.

ನಡುಗಡ್ಡೆಯ ಮನೆಗಳಲ್ಲೊಂದರ ಸೊಸೆ ರೇಣವ್ವ. ಹಿಂದೊಂದು ಮಳೆಗಾಲದಲ್ಲಿ ಅವಳಿಗೆ ಹೆರಿಗೆ ನೋವು ಬಂದಾಗ ಹೊಳೆ ತುಂಬಿ ಹರಿಯುತ್ತಿತ್ತು. ಹುಟ್ಟು ಹಾಕುವ ದೋಣಿ ದಾಟಲಿಲ್ಲ. ಕೂಸು ಉಳಿಯಲಿಲ್ಲ.

ಆಮೇಲೆ ಅಜ್ಜ ಮಠದ ದೋಣಿಗೆ ಡೀಸೆಲ್ ಎಂಜಿನ್ ಕೂಡಿಸಿದರು. ಹಳೆಯದು, ಹ್ಯಾಂಡಲ್ ತಿರುಗಿಸಿ ಎಬ್ಬಿಸಬೇಕಾದದ್ದು. ಸ್ವಲ್ಪ ದಿನ ತಾವೇ ನಡೆಸಿದರು. ಒಂದು ಬೆಳಿಗ್ಗೆ ಅಡವಯ್ಯನನ್ನು ಕರೆದು ಆ ಹ್ಯಾಂಡಲನ್ನು ಅವನ ಕೈಗಿತ್ತರು.

“ಇನ್ನ ಇದನ್ನ ನೀ ನೋಡ್ಕೊ.”

“ದೀಪ ಯಾರ್ ನೋಡ್ಕೋತಾರ್ರೀ?”

“ನಾ ನೋಡ್ಕೋತೀನಿ. ದೀಪಕ್ಕ ಮುದುಕ ಸಾಕು.”

ರೇಣವ್ವ ಮತ್ತೆ ಬಸುರಿಯಾಗಿದ್ದಳು. ಅವಳಿಗೆ ದಿನ ತುಂಬುವ ಹೊತ್ತಿಗೇ ಹೊಳೆಯೂ ತುಂಬುವುದಿತ್ತು. ಅವಳ ಅತ್ತೆ ಸಿದ್ದವ್ವ ದಿನಾ ದೋಣಿಯ ಹತ್ತಿರ ಬಂದು ನಿಲ್ಲುತ್ತಿದ್ದಳು.

“ಎಂಜಿನ್ ಚಲೋ ಐತಿಲ್ಲೋ ಅಡವಯ್ಯಾ?”

“ಐತವ್ವ. ದೇವರ ಹಂಗ ನೋಡ್ಕೊಂಡೀನಿ.”

“ದೇವರ ಹಂಗ ಬ್ಯಾಡೋ ಯಪ್ಪಾ. ದೇವರು ಹೋದ ಸಲ ಎದ್ದ ಬರಲಿಲ್ಲ. ಎತ್ತಿನ ಹಂಗ ನೋಡ್ಕೊ.”

ಅಡವಯ್ಯ ನಕ್ಕ. ಆದರೆ ಅವನು ಹೇಳಿದ್ದು ಸುಳ್ಳಲ್ಲ. ದಿನಾ ಸ್ನಾನ ಮಾಡಿ ಬಂದು ಎಂಜಿನ್ ಒರೆಸುತ್ತಿದ್ದ. ಅದರ ಎದೆಯ ಮೇಲೆ ಮೂರು ಬೆರಳಿನಿಂದ ವಿಭೂತಿ ಹಚ್ಚಿ, ಒಂದು ಕಣಗಿಲೆ ಹೂವು ಇಟ್ಟು, ಊದಿನಕಡ್ಡಿ ಬೆಳಗುತ್ತಿದ್ದ. ಆಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ನೋಡಿ, ಕಡಿಮೆಯಾದಷ್ಟು ಸುರಿಯುತ್ತಿದ್ದ. ಹಳೆಯದರ ಮೇಲೆ ಹೊಸದು.

ದೀಪದ ಎಣ್ಣೆ ಇರುವುದು ಉರಿಯಲಿಕ್ಕೆ. ಎಂಜಿನ್ನಿನ ಎಣ್ಣೆ ಇರುವುದು ಬೇರೆ ಕೆಲಸಕ್ಕೆ. ಒಳಗೆ ಕಬ್ಬಿಣ ಕಬ್ಬಿಣವನ್ನು ತಿನ್ನದಂತೆ ಅದು ನಡುವೆ ನಿಲ್ಲುತ್ತದೆ. ಇದನ್ನು ಈಗಲೇ ಹೇಳಿದರೆ ಕಥೆ ಕೆಡುತ್ತದೋ ಏನೋ. ಹೇಳಿಬಿಟ್ಟೆ.

ಮಳೆ ಹತ್ತಿರವಾದಂತೆ ಎಂಜಿನ್ ಬೇಗ ಕಾಯತೊಡಗಿತು. ಹೊಗೆ ಕಾರಿತು. ಒಳಗೆ ಯಾರೋ ಕದ ಬಡಿದಂತೆ ಶಬ್ದ ಬಂತು. ಎಣ್ಣೆ ಸಾಕಷ್ಟು ಒಳ್ಳೆಯದಲ್ಲ ಎಂದುಕೊಂಡ ಅಡವಯ್ಯ, ಪೇಟೆಗೆ ಹೋಗಿ ಹೊಸ ಕಾರುಗಳಿಗೆ ಹಾಕುವ ತೆಳ್ಳನೆಯ ಎಣ್ಣೆ ತಂದ. ಜೇನುತುಪ್ಪದ ಬಣ್ಣ. ಅದನ್ನೂ ಮೇಲೆ ಸುರಿದ.

“ಬಂಗಾರದಂಥಾ ಎಣ್ಣಿ ಹಾಕೀನ್ರಿ ಅಜ್ಜಾ,” ಎಂದ.

“ಯಾರನ್ನ ಕೇಳಿ ಹಾಕಿದಿ?”

“ಅಂಗಡ್ಯಾವ ಹೇಳಿದ. ಎಲ್ಲಾದಕ್ಕಿಂತ ಚಲೋದು ಇದ ಅಂತ.”

“ಎಂಜಿನ್ನ ಕೇಳಿದೇನು?”

“ಎಂಜಿನ್ ಹೆಂಗ ಹೇಳತೈತ್ರೀ?”

ಅಜ್ಜ ದೀಪದ ಕಡೆ ಹೋದರು.

ಮರುದಿನ ಬೆಳಿಗ್ಗೆ ಹೊಳೆ ಕೆಂಪಾಗಿತ್ತು. ಮೇಲೆ ಎಲ್ಲೋ ಮಳೆಯಾಗಿ ಹೊಸ ನೀರು ಬರುತ್ತಿದೆ ಎಂದು ಅರ್ಥ. ಅಡವಯ್ಯ ಹಾಲಿನ ಕ್ಯಾನುಗಳನ್ನು ಆಚೆ ದಡಕ್ಕೆ ಮುಟ್ಟಿಸಿ ವಾಪಸು ಬಂದಾಗ ಅಜ್ಜ ದಡದಲ್ಲಿ ನಿಂತಿದ್ದರು. ದೋಣಿಗೆ ಇಳಿದು, ಕಡ್ಡಿ ಎಳೆದು, ತುದಿಯ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿದರು.

“ನೀನೂ ತಿಕ್ಕಿ ನೋಡು. ಏನ್ ಹತ್ತತೈತಿ?”

“ನುಣ್ಣಗೈತ್ರಿ.” ಅಡವಯ್ಯ ಮತ್ತೆ ತಿಕ್ಕಿದ. “ಇಲ್ರಿ, ಉಸುಕ ಇದ್ದಂಗ ಐತಿ.”

“ಉಸುಕಲ್ಲದು. ಎಂಜಿನ್ನಿನ ಮೈ.”

ಅಡವಯ್ಯ ತನ್ನ ಬೆರಳನ್ನೇ ನೋಡುತ್ತಾ ನಿಂತ.

ಅಜ್ಜ ಬಟ್ಟೆಯ ತುದಿಯನ್ನು ಹೊಳೆಯಲ್ಲಿ ಅದ್ದಿ, ಎಂಜಿನ್ನಿನ ಎದೆಯ ಮೇಲಿನ ವಿಭೂತಿಯನ್ನು ಒರೆಸತೊಡಗಿದರು. ದಿನಾ ಹಚ್ಚಿ ಹಚ್ಚಿ ಅದು ಗಾರೆಯಂತೆ ಗಟ್ಟಿಯಾಗಿತ್ತು. ಹೆಬ್ಬೆರಳಿನ ಉಗುರಿನಿಂದ ಕೆರೆದರು. ಕೆಳಗೆ ಒಂದು ಸಣ್ಣ ಹಿತ್ತಾಳೆ ತಗಡು ಕಂಡಿತು. ತಗಡಿನ ಮೇಲೆ ಅಕ್ಷರ.

“ಓದು.”

ಅಡವಯ್ಯ ಬಗ್ಗಿ ಓದಿದ. ಯಾವ ಎಣ್ಣೆ, ಎಷ್ಟು ಗಟ್ಟಿಯದು, ಎಷ್ಟು ತಾಸು ಓಡಿದ ಮೇಲೆ ಹಳೆಯದನ್ನು ಪೂರಾ ಇಳಿಸಿ ಹೊಸದು ತುಂಬಬೇಕು, ಭಾರ ಹೆಚ್ಚಿದ್ದರೆ ಇನ್ನೂ ಬೇಗ. ಎಂಜಿನ್ ಮಾಡಿದವರು ಬರೆದು, ಮೊಳೆ ಹೊಡೆದು ಕಳಿಸಿದ್ದರು.

“ಅದು ದಿನಾ ಹೇಳಾಕ ಹತ್ತಿತ್ತು,” ಎಂದರು ಅಜ್ಜ. “ನೀ ದಿನಾ ಅದರ ಬಾಯಿಗೆ ವಿಭೂತಿ ಹಚ್ಚಾಕ ಹತ್ತಿದ್ದಿ.”

ಅಷ್ಟರಲ್ಲಿ ಸಿದ್ದವ್ವನ ಕೂಗು ಕೇಳಿತು. ಇಬ್ಬರು ರೇಣವ್ವನನ್ನು ಹಗ್ಗದ ಹೊರಸಿನ ಮೇಲೆ ಹೊತ್ತು ತರುತ್ತಿದ್ದರು. ನೋವು ಶುರುವಾಗಿತ್ತು.

ಹೊರಸನ್ನು ದೋಣಿಯಲ್ಲಿ ಇಳಿಸಿದರು. ಅಡವಯ್ಯ ಹ್ಯಾಂಡಲ್ ಹಿಡಿದ.

“ಅದನ್ನಿಡು,” ಎಂದರು ಅಜ್ಜ. “ದಾಸೋಹದ ಅಕ್ಕಿ ಚೀಲದ ಹಿಂದ ನಾ ತಂದಿಟ್ಟ ಗಟ್ಟಿ ಎಣ್ಣಿ ಡಬ್ಬಿ ಐತಿ, ತಗೊಂಬಾ. ಓಡು.”

ಅವನು ಡಬ್ಬಿ ಹೊತ್ತು ಬರುವಷ್ಟರಲ್ಲಿ ಅಜ್ಜ ಎಂಜಿನ್ನಿನ ಕೆಳಗೆ ಬೋಗುಣಿ ಇಟ್ಟು ಅಡಿಯ ಬಿರಡೆ ತಿರುವಿದ್ದರು. ಅಂದರೆ ಎಣ್ಣೆ ಹೊರಗೆ ಹೋಗುವ ದಾರಿಯ ಬಿರಡೆ.

“ಏನ್ ಮಾಡಾಕ ಹತ್ತೀರಿ ಅಜ್ಜಾ?” ಸಿದ್ದವ್ವ ಕಿರುಚಿದಳು. “ಕೂಸಿನ ತಲಿ ಬರೂ ಹೊತ್ತಿದು! ಕೈ ಮುಗೀತೀನಿ, ಮೊದಲ ದಾಟಸ್ರಿ!”

“ಇದ ಎಣ್ಣ್ಯಾಗ ಹೊಂಟ್ರ ನಡುಹೊಳ್ಯಾಗ ನಿಂದ್ರತೈತಿ ಅವ್ವಾ.”

“ಗೊತ್ತಿದ್ದೂ ಇಷ್ಟ ದಿನ ಸುಮ್ಮ ಇದ್ರೇನು?”

“ನಿನ್ನಿನ ಹೇಳಬೇಕಿತ್ತು. ತಾನ ತಿಳ್ಕೊಳ್ಳಿ ಅಂತ ಬಿಟ್ಟೆ. ಅದು ನನ್ನ ತಪ್ಪ.”

ಗುರುಗಳು ತಪ್ಪೊಪ್ಪಿಕೊಂಡಿದ್ದನ್ನು ಅಡವಯ್ಯ ಮೊದಲ ಸಲ ಕೇಳಿದ್ದ.

ಎಂಜಿನ್ ಆಗಷ್ಟೇ ಓಡಿ ಬಂದು ಬಿಸಿಯಾಗಿತ್ತು. ಬಿಸಿ ಎಣ್ಣೆ ಬೇಗ ಇಳಿಯುತ್ತದೆ. ಆದರೂ ಕಾಯುವವರಿಗೆ ಯಾವುದೂ ಬೇಗ ಅಲ್ಲ. ಇದ್ದಿಲಿನಂಥ ಕಪ್ಪು. ಮೊದಲು ಧಾರೆಯಾಗಿ ಬಿತ್ತು, ಆಮೇಲೆ ದಾರವಾಗಿ, ಆಮೇಲೆ ಹನಿಯಾಗಿ. ಪಕ್ಕದಲ್ಲಿ ಹೊಳೆ ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು. ರೇಣವ್ವ ಹಲ್ಲು ಕಚ್ಚಿಕೊಂಡು ಆ ದಾರವನ್ನೇ ನೋಡುತ್ತಿದ್ದಳು.

ಅಡವಯ್ಯ ಬಿರಡೆ ಮುಚ್ಚಲು ಕೈ ಹಾಕಿದ. ಅಜ್ಜ ಅವನ ಮಣಿಕಟ್ಟು ಹಿಡಿದರು.

“ತಡಿ. ಅಡಿಯಾಗಿಂದ ಇಳೀಬೇಕು. ಕೆಟ್ಟದ್ದು ಇರೂದ ಅಡಿಯಾಗ.”

ಹನಿ ನಿಧಾನವಾಯಿತು. ಅಜ್ಜ ಕೈ ಬಿಟ್ಟರು. ಅಡವಯ್ಯ ಬಿರಡೆ ಬಿಗಿದು ಗಟ್ಟಿ ಎಣ್ಣೆ ತುಂಬಿದ. ಕಡ್ಡಿ ನೋಡಿದ. ಎಂಜಿನ್ನಿಗೆ ಕೈ ಮುಗಿಯಲು ಹೋಗಿ ಬಿಟ್ಟು, ಹ್ಯಾಂಡಲ್ ತಿರುಗಿಸಿದ.

ಎಂಜಿನ್ ಎದ್ದಿತು. ಒಳಗಿನ ಬಡಿತ ಪೂರಾ ಹೋಗಿರಲಿಲ್ಲ, ತಗ್ಗಿತ್ತು. ದೂರದ ಮನೆಯಲ್ಲಿ ಯಾರೋ ಕುಟ್ಟುತ್ತಿರುವಂತೆ.

ನಡುಹೊಳೆಯಲ್ಲಿ ನೀರು ದೋಣಿಯನ್ನು ಎತ್ತಿ ಎತ್ತಿ ಇಳಿಸಿತು. ದಡ ಎರಡೂ ಕಡೆ ಒಂದೇ ದೂರದಲ್ಲಿ ಕಂಡಿತು. ಆ ಹೊತ್ತಿನಲ್ಲಿ ಅಡವಯ್ಯನಿಗೆ ಒಂದು ವಿಚಾರ ಬಂತಂತೆ. ಇದನ್ನು ಹೇಳುವಾಗ ಅಡವಯ್ಯನವರ ದನಿ ಈಗಲೂ ಇಳಿಯುತ್ತದೆ. ಒಳಗೆ ಕಬ್ಬಿಣಕ್ಕೂ ಕಬ್ಬಿಣಕ್ಕೂ ನಡುವೆ ಇರುವುದು ಕೂದಲಿಗಿಂತ ತೆಳ್ಳಗಿನ ಎಣ್ಣೆ. ಅಷ್ಟೇ. ಅದರ ಮೇಲೆ ಈ ದೋಣಿ, ಈ ತಾಯಿ, ಇನ್ನೂ ಕಣ್ಣು ಬಿಡದ ಕೂಸು, ಎದುರಿಗೆ ಇಷ್ಟು ದೊಡ್ಡ ಹೊಳೆ.

ಅವನು ಎಂಜಿನ್ನಿನ ಬಡಿತಕ್ಕೆ ಕಿವಿ ಕೊಟ್ಟು ದೋಣಿ ನಡೆಸಿದ.

ಆಚೆ ದಡದ ಆಸ್ಪತ್ರೆಗೆ ರೇಣವ್ವನನ್ನು ಮುಟ್ಟಿಸಿದರು. ಗುರು ಶಿಷ್ಯರಿಬ್ಬರೂ ದೋಣಿಯಲ್ಲೇ ಕಾಯುತ್ತಾ ಕೂತರು. ಹೊತ್ತು ಇಳಿಯುವಾಗ ಸಿದ್ದವ್ವ ಬಂದಳು. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಹೆಣ್ಣ ಕೂಸು. ಏನ್ ಗಂಟಲೋ ಯಪ್ಪಾ ಅದರದು! ಇಲ್ಲೀತನಕಾ ಕೇಳಿರಬೇಕು ನಿಮಗ.”

ಕೇಳಿರಲಿಲ್ಲ. ಇಬ್ಬರೂ ಕೇಳಿತು ಎಂದರು.

ಅವಳು ಎಂಜಿನ್ನಿನ ಮೇಲೆ ಅಂಗೈ ಇಟ್ಟಳು, ಎತ್ತಿನ ಬೆನ್ನ ಮೇಲೆ ಇಡುವಂತೆ. “ದಣದೈತಿ,” ಎಂದು ಹೇಳಿ ಮತ್ತೆ ಆಸ್ಪತ್ರೆಗೆ ಓಡಿದಳು.

ಅಡವಯ್ಯ ಕಪ್ಪು ಎಣ್ಣೆಯ ಬೋಗುಣಿ ಎತ್ತಿಕೊಂಡ. ಪೂಜೆ ಮಾಡಿದ ಹೂವನ್ನು ಹೊಳೆಗೆ ಬಿಡುವ ರೂಢಿ ಅವನದು. ಹಾಗೆಯೇ ಇದನ್ನೂ ಬಿಡಲು ಹೋದ.

“ಹೊಳಿ ಏನ್ ಮಾಡೈತಿ ನಿನಗ?” ಎಂದರು ಅಜ್ಜ. “ಡಬ್ಬ್ಯಾಗ ತುಂಬಿಡು. ಗ್ಯಾರೇಜಿನವರಿಗೆ ಕೊಡೂಣು.”

“ಹೊಲಸ ಐತ್ರಿ ಇದು.”

“ಹೊಲಸ ಯಾರದು?”

ಅಡವಯ್ಯ ಬೋಗುಣಿಯನ್ನು ಕೆಳಗಿಟ್ಟ.

“ಎಂಜಿನ್ನಿಂದು. ಇದು ತನ್ನ ಮೈಗೆ ತಗೊಂಡೈತಿ, ಅಷ್ಟ. ನೀ ತಂದ ಬಂಗಾರದ ಎಣ್ಣಿ ಡಬ್ಬ್ಯಾಗ ಇದ್ದಾಗ ಹೊಳೀತಿತ್ತು. ಆವಾಗ ಅದಕ್ಕ ಕೆಲಸ ಇರಲಿಲ್ಲ.”

ಹೀಗೆಂದು ಅಜ್ಜ ಬೋಗುಣಿಯಲ್ಲಿ ಮೂರು ಬೆರಳು ಅದ್ದಿ, ಆ ಕಪ್ಪನ್ನು ತಮ್ಮ ಹಣೆಗೆ ಹಚ್ಚಿಕೊಂಡರು. ವಿಭೂತಿ ಹಚ್ಚಿಕೊಳ್ಳುವ ಹಾಗೆಯೇ, ಮೂರು ಗೆರೆ.

ಅಡವಯ್ಯ ಉಳಿದ ಎಣ್ಣೆಯನ್ನು ಡಬ್ಬಿಗೆ ಸುರಿದ.

ಮುಚ್ಚಳ ಬಿಗಿಯುತ್ತಾ ಕೇಳಿದ: “ಇನ್ ಮ್ಯಾಲ ಎಷ್ಟ ದಿನಕ್ಕ ಬದಲಸಬೇಕ್ರೀ? ಅಮಾಸಿಗೊಮ್ಮೆ ಅಂತ ಇಟ್ಕೊಳ್ಳೇನ್ರೀ?”

“ಅಮಾಸಿ ಎಂಜಿನ್ನಿಗೆ ಗೊತ್ತಿಲ್ಲ. ಓಡಿದ್ದಷ್ಟ ಗೊತ್ತು.”

ಅಜ್ಜ ದೋಣಿಯ ಮೂಲೆಯಲ್ಲಿದ್ದ ಖಾಲಿ ಗಡಿಗೆಯನ್ನು ಅವನ ಮುಂದೆ ಇಟ್ಟರು.

“ಒಮ್ಮೆ ದಾಟಿದ್ರ ಒಂದ ಹರಳ ಹಾಕು. ಗಡಿಗಿ ತುಂಬೂದು ಆ ತಗಡಿನ ತಾಸಿನ ಲೆಕ್ಕಕ್ಕ ಸರಿ ಹೊಂದತೈತಿ. ತುಂಬಿದ ದಿನ ಎಣ್ಣಿ ಇಳಿಸು.”

“ಹೊಳಿ ತುಂಬಿ ಬಂದಾಗ್ರೀ?”

“ಎಂಜಿನ್ನ ಎಷ್ಟ ದಣೀತೈತಿ ಆವಾಗ?”

ಅಡವಯ್ಯ ಯೋಚಿಸಿದ. ದಡಕ್ಕೆ ಇಳಿದು ಎರಡು ಹರಳು ಆರಿಸಿ ತಂದು ಗಡಿಗೆಗೆ ಹಾಕಿ ಅಲ್ಲೇ ಕೂತ. ಅಜ್ಜ ತಲೆಯಾಡಿಸಿದರು.

ಆದರೆ ಅಡವಯ್ಯ ಏಳಲಿಲ್ಲ.

“ಅಜ್ಜಾ, ನಾ ಮಠಕ್ಕ ಬಂದು ಭಾಳ ವರ್ಷ ಆತು. ನೀವು ಹೇಳಿದ್ದು, ಪುರಾಣದಾಗ ಕೇಳಿದ್ದು, ಎಲ್ಲಾ ಹಳೇದರ ಮ್ಯಾಲ ಹೊಸಾದು ಸುರಕೋಂತ ಬಂದೀನಿ. ಒಂದ ದಿನಾನೂ ಅಡಿಯಾಗಿಂದು ಇಳಿಸಿಲ್ಲ. ನಂದು ಯಾವಾಗ ಬದಲಸಬೇಕ್ರೀ?”

ಅಜ್ಜ ಗಡಿಗೆಯನ್ನು ಎತ್ತಿ ಅವನ ಕಿವಿಯ ಹತ್ತಿರ ಅಲ್ಲಾಡಿಸಿದರು. ಎರಡು ಹರಳು ಗಲಗಲ ಎಂದವು.

“ಮೊದಲ ಓಡು ತಮ್ಮಾ.”

ಈ ಮಾತನ್ನು ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಜ್ಜ ಹೇಳಿದ್ದು ಏನೆಂದರೆ, ಮನುಷ್ಯನ ಒಳಗೂ ಎಂಜಿನ್ನಿನಲ್ಲಿ ಇರುವ ಹಾಗೆ ಒಂದು...

ತಡೆಯಿರಿ. ಆಚೆ ದಡದಲ್ಲಿ ಯಾರೋ “ದೋಣೀ” ಎಂದು ಕೂಗುತ್ತಿದ್ದಾರೆ. ಹೊಳೆ ಬೆಳಿಗ್ಗೆಯಿಂದ ಕೆಂಪಾಗಿದೆ. ಎರಡು ಹರಳು ಆರಿಸಿಕೊಂಡು ಹೋಗಬೇಕು.