ಕೂತವ್ವನ ತಗ್ಗು

“ಆಯೀ, ಹುಲ್ಲಿಕಟ್ಟಿಗೆ ದಾರಿ ಯಾವುದು?” ಎಂದು ನಾನು ಕೇಳಿದಾಗ ಕುರಿ ಕಾಯುತ್ತಿದ್ದ ಲಗಮವ್ವ ನನ್ನ ಮುಖ ನೋಡಲಿಲ್ಲ, ಪಡುವಣದ ಮುಗಿಲು ನೋಡಿದಳು. “ದಾರಿ ಹಿಂದ ಉಳೀತು, ತಂಗಿ. ಮೊದಲ ಆ ಛತ್ರಿ ಮಡಚಿ ದೂರ ಒಗಿ.” ದೇಶ ದೇಶಗಳಲ್ಲಿ ದಾರಿ ತಪ್ಪಿಸಿಕೊಂಡವಳು ನಾನು, ಬಲ್ಲವರು ಚುಟುಕಾಗಿ ಹೇಳುತ್ತಾರೆಂದು ಕಲಿತಿದ್ದೇನೆ. ಒಗೆದೆ. ಸುತ್ತ ಕಣ್ಣು ಹಾಯುವವರೆಗೂ ಎರೆಭೂಮಿ. ನಡುವೆ ಒಂದೇ ಒಂದು ಹುಣಸೆಮರ, ಬುಡದವರೆಗೆ ಸೀಳಿದ್ದು. ಅದರಿಂದ ದೂರದಲ್ಲಿ ಒಂದು ತಗ್ಗು, ತಗ್ಗಿನ ತುಂಬ ಮೊಣಕಾಲೆತ್ತರದ ಕಲ್ಲುಗಳು, ಒಂದಕ್ಕೊಂದು ಮುನಿಸಿಕೊಂಡಂತೆ ದೂರದೂರ. ನಾನು ಮರದ ಕಡೆಗೆ ಹೆಜ್ಜೆ ಹಾಕಿದೆ. ಮುದುಕಿ ರಟ್ಟೆ ಹಿಡಿದು ತಗ್ಗಿಗೆಳೆದಳು. “ಮನಿ ಸನೇಕ ಇದ್ದಿದ್ರ ಒಳಗ ಓಡ್ತಿದ್ವಿ, ಕಿಡಕಿ ಸರಳು, ನಳ ಮುಟ್ಟದ ನಡುಮನ್ಯಾಗ ಕುಂದ್ರತಿದ್ವಿ. ಇಲ್ಲಿ ಇದೊಂದ ಗತಿ.” ಹಿಮ್ಮಡಿ ಜೋಡಿಸಿ, ತಲೆ ತಗ್ಗಿಸಿ, ಕಿವಿ ಮುಚ್ಚಿ ಕುಕ್ಕರಗಾಲಲ್ಲಿ ಕೂರಿಸಿ, ತಾನು ದೂರ ಹೋಗಿ ಹಾಗೆಯೇ ಕೂತಳು. ಮಲಗಬೇಡ ಎಂದಷ್ಟೇ ಕೂಗಿದಳು. ಆಮೇಲೆ ಆಕಾಶ ಬಾಯಿ ತೆರೆಯಿತು. ಕತ್ತಿನ ಕೂದಲು ನಿಮಿರಿತು, ನೆಲ ಹಲ್ಲಿನೊಳಗೆ ಅದುರಿತು, ಕಣ್ಣು ಮುಚ್ಚಿದರೂ ಬೆಳ್ಳಗೆ ಕಂಡಿತು. ನಾನು ನಂಬದ ದೇವರುಗಳನ್ನೆಲ್ಲ ಹೆಸರು ಹಿಡಿದು ಕರೆದೆ. ಮಳೆ ನಿಂತ ಮೇಲೂ ಲಗಮವ್ವ ಏಳಗೊಡಲಿಲ್ಲ. ಕೊನೆಯ ಗುಡುಗಿನ ನಂತರ ಜೋಳದ ನುಚ್ಚು ಕುದಿದು ಇಳಿಯುವಷ್ಟು ಹೊತ್ತು, ಅಂದರೆ ಅರ್ಧ ತಾಸು, ಕಾಯಬೇಕಂತೆ. ಆ ಹೊತ್ತಿನಲ್ಲಿ, ಇದ್ದಲ್ಲಿಂದಲೇ ದನಿ ಎತ್ತರಿಸಿ, ಆಕೆ ಈ ತಗ್ಗಿನ ಹೆಸರಿನ ಕತೆ ಹೇಳಿದಳು.

ಹಿಂದೆ ಒಮ್ಮೆ, ಈ ಬಯಲಿನಲ್ಲಿ ಊರೇ ಇಲ್ಲದ ಕಾಲದಲ್ಲಿ, ಕುರಿಗಾರರ ಒಂದು ಕುಟುಂಬ ಇಲ್ಲಿ ಹಟ್ಟಿ ಹಾಕಿತ್ತು ಎನ್ನುತ್ತಾರೆ. ಗುಡುಗಿದರೆ ಮನೆಮಂದಿಯೆಲ್ಲ ಮರದಡಿ ಸೇರಿ, ಒಂದೇ ಕಂಬಳಿ ಹೊದ್ದು, ನಡುವೆ ಕೊಡಲಿ ಹಿಡಿದು, ಒಬ್ಬರನ್ನೊಬ್ಬರು ತಬ್ಬಿ ನಿಲ್ಲುವುದು ಅವರ ರೂಢಿ. ಕಬ್ಬಿಣವಿದ್ದಲ್ಲಿಗೆ ಸಿಡಿಲು ಬಾರದು, ತಬ್ಬಿದವರನ್ನು ಸಾವು ಬಿಡಿಸದು ಎಂಬ ನಂಬಿಕೆ. ಒಮ್ಮೆ ಕುರಿ ಮೇಯಿಸಲು ಹೋದಾಗ ಹಾಗೆ ತಬ್ಬಿ ನಿಂತಲ್ಲೇ ಆ ಮನೆಯ ಸೊಸೆ ಮಾಳವ್ವನ ಗಂಡನೂ ಮೈದುನನೂ, ಕಾಲಿಗೆ ಒತ್ತಿಕೊಂಡಿದ್ದ ಕುರಿಗಳೂ ಒಂದೇ ಏಟಿಗೆ ಹೋದರು. ತಗ್ಗಿನಲ್ಲಿ ಹಿಂದುಳಿದಿದ್ದ ಕುಂಟ ಕುರಿಯೊಂದು ಮಾತ್ರ ಹಟ್ಟಿಗೆ ಬಂತು. ಹಿರಿಯರು ಶಾಪವೆಂದರು. ಮಾಳವ್ವ ಆ ಕುಂಟ ಕುರಿಯನ್ನೇ ನೆನೆಯುತ್ತ ವರ್ಷ ಕಳೆದಳು. ಮರುವರ್ಷದ ಮುಂಗಾರಿಗೆ ಮತ್ತೆ ಮುಗಿಲು ಕಪ್ಪಾದಾಗ ಆಕೆಯ ಮಾವ ಬೀರಪ್ಪ ಇದೇ ಹುಣಸೆಯಡಿ ಕಂಬಳಿ ಬಿಚ್ಚಿ ಸೊಸೆಯನ್ನೂ ಇಬ್ಬರು ಮಕ್ಕಳನ್ನೂ ಕರೆದ. ಆಕೆ ಹೋಗಲಿಲ್ಲ. ಕೊಡಲಿ ಒಗೆದು, ಮಕ್ಕಳನ್ನು ತಗ್ಗಿನಲ್ಲಿ ಬೇರೆಬೇರೆ ಕೂರಿಸಿ ತಾನೂ ದೂರ ಕೂತಳು.

“ಮಕ್ಕಳ್ನ ಎದಿಗಪ್ಪದಾಕಿ ಎಂಥಾ ತಾಯಿ ನೀ?”

“ಅಪ್ಪಿಕೊಂಡ್ರ ಎಲ್ಲಾರೂ ಹೋಗ್ತೀವಿ, ಮಾವಾ. ದೂರ ಕುಂತ್ರ ಒಬ್ಬರಾದ್ರೂ ಉಳಿದು ಬಿದ್ದವರನ್ನ ಎಬ್ಬಸ್ತಾರ.”

ಸಣ್ಣ ಮಗಳು ಹೆದರಿ, ಅವ್ವಾ ಅವ್ವಾ ಎನ್ನುತ್ತ ತೆವಳಿಕೊಂಡು ಬಂದಳು. ಮಾಳವ್ವ ಕೈ ಚಾಚಲಿಲ್ಲ. ಅಲ್ಲೇ ಕೂರು ಎಂದು ಹುಟ್ಟಿದಂದಿನಿಂದ ಗದರದ ಕೂಸನ್ನು ಗದರಿದಳು. ಆ ಅಳು ತಾಳಲಾರದೆ ಬೀರಪ್ಪನೇ ಮಗುವನ್ನೆತ್ತಲು ಮರ ಬಿಟ್ಟು ಓಡಿ ಬಂದ. ಅರ್ಧ ದಾರಿಯಲ್ಲಿರುವಾಗ ಬೆನ್ನ ಹಿಂದೆ ಹುಣಸೆ ಸೀಳಿತು, ಮುದುಕ ಉಸಿರಿಲ್ಲದೆ ಉರುಳಿದ. ಸಿಡಿಲು ಬಡಿದವರನ್ನು ಮುಟ್ಟಿದರೆ ತಮಗೂ ಬಡಿಯುತ್ತದೆಂಬುದು ಅವರ ಭಯ. ಮಾಳವ್ವ ಮುಟ್ಟಿದಳು. ಎದೆಯನ್ನು ಬಿಡದೆ ಒತ್ತಿ ಒತ್ತಿ, ಬಾಯಿಗೆ ಬಾಯಿಟ್ಟು ಊದಿ, ಹೋದ ಉಸಿರನ್ನು ವಾಪಸು ತಂದಳು ಎನ್ನುತ್ತಾರೆ. ಎದ್ದು ಕೂತ ಬೀರಪ್ಪನ ಕಿವಿ ಮತ್ತೆ ಕೇಳಲಿಲ್ಲವಂತೆ. ಆದರೂ ಆತ ಮಾಡಿದ ಮೊದಲ ಕೆಲಸ, ಸೊಸೆ ಕೂತಿದ್ದ ಜಾಗದಲ್ಲಿ ಒಂದು ಕಲ್ಲು ನೆಟ್ಟದ್ದು. ಮುಂದೆ ಬರುವವರು ಎಲ್ಲಿ ಕೂರಬೇಕೆಂದು ಹುಡುಕಬಾರದಲ್ಲ. ಅಂದಿನಿಂದ ಇದು ಕೂತವ್ವನ ತಗ್ಗು.

ನುಚ್ಚು ಕುದಿದು ಇಳಿಯುವಷ್ಟು ಹೊತ್ತಾಗಿತ್ತು. ಏಳು ಎಂದಳು ಲಗಮವ್ವ. ನಾನು ಎದ್ದೆ. ಇಲ್ಲಿಂದ ಜೀವಂತ ಎದ್ದವರು ಮುಂದಿನವರಿಗೆ ಒಂದು ಕಲ್ಲು ನೆಟ್ಟು ಹೋಗಬೇಕು, ಅದು ಈ ತಗ್ಗಿನ ಋಣ ಎಂದು ಆಕೆ ಹೇಳಿದಳು. ಕಾಲುಹಾದಿಯ ಬದಿಯಿಂದ ಒಂದು ಕಲ್ಲನ್ನು ಅಪ್ಪಿ ತಂದೆ. ಯಾಕೋ ಬೀರಪ್ಪ ನೆಟ್ಟಿದ್ದೆಂದು ಲಗಮವ್ವ ತೋರಿಸಿದ ಕಲ್ಲಿನ ಪಕ್ಕದಲ್ಲಿಡಲು ಮನಸ್ಸಾಯಿತು, ಅದಕ್ಕೊಂದು ಜೊತೆಯಾಗಲೆಂದು.

“ದೂರ,” ಎಂದಳು ಲಗಮವ್ವ.

ಕಲ್ಲೆತ್ತಿಕೊಂಡು ದೂರ ಹೋದೆ.

“ಇನ್ನೂ ದೂರ.”

ತಗ್ಗಿನ ಅಂಚಿನ ಬಳಿ, ಯಾರ ನೆರಳೂ ತಾಗದಲ್ಲಿ, ನೆಟ್ಟೆ. ಈಗಲೂ ಅದು ಅಲ್ಲಿ ಒಂಟಿಯಾಗಿ ಕೂತಿದೆ.