ಬಾಳೆದಿಂಡಿನ ನಾಡಿ

ಹೊಳೆ ದಂಡೇಲಿ ಒಂದು ಆಶ್ರಮ. ಆಶ್ರಮದೊಳಗೆ ಪುಟ್ಟದೊಂದು ಆಸ್ಪತ್ರೆ. ಅಲ್ಲಿ ಅನಸೂಯಮ್ಮ ಹುಡುಗೀರಿಗೆ ನರ್ಸ್ ಕೆಲಸ ಕಲಿಸೋರು.

ಶಿವಲೀಲಾ ಎರಡು ಸಲ ಫೇಲಾಗಿದ್ಲು. ನಾಳೆ ಕೊನೇ ಪರೀಕ್ಷೆ. ಇದೂ ಹೋದ್ರೆ ಊರಿಗೆ ವಾಪಸ್ಸು. ಪೆಟ್ಟಿಗೆ ಆಗಲೇ ಕಟ್ಟಿಟ್ಟಿದ್ಲು, ಅಷ್ಟು ಧೈರ್ಯ!

"ಅಮ್ಮಾ, ಅಮ್ಮಾ, ಗೊತ್ತಾಯ್ತು!" ಅಂತ ಓಡ್ಬಂದ್ಲು. "ಕೆಲವ್ರು ನೋಡಿ ಕಲೀತಾರಂತೆ, ಕೆಲವ್ರು ಕೇಳಿ, ಕೆಲವ್ರು ಮುಟ್ಟಿ. ನಮ್ಮ ದಾಕ್ಷಾಯಿಣಿ ನೋಡಿ ಕಲಿಯೋಳು, ಅದಕ್ಕೇ ಫಸ್ಟ್ ಬರ್ತಾಳೆ. ನಾನು ಯಾವ ಥರದೋಳು ಅಂತ ತಿಳಿದ್ಬಿಟ್ರೆ ಸಾಕು, ನಾನೂ ಪಾಸು! ತಿಂಗಳಿಂದ ಇದೇ ಯೋಚ್ನೆ."

"ತಿಂಗಳಿಂದಾನಾ?"

"ನಿದ್ದೇಲೂ ಇದೇ ಅಮ್ಮ."

"ಬೆಳಿಗ್ಗೆ ವಾರ್ಡಲ್ಲಿ ನಿಂಗಜ್ಜಿ ನಾಡಿ ನೋಡಿದ್ಯಾ?"

"ನೋಡ್ದೆ. ಗಡಿಯಾರದ ಹಾಗೆ ನಡೀತಿದೆ. ನಾನು ಯಾವ ಥರದೋಳಮ್ಮ?"

ಅನಸೂಯಮ್ಮ ಎದ್ದು ಅಡುಗೆಮನೆ ಕಡೆ ಹೋದ್ರು. ಸ್ವಲ್ಪ ಹೊತ್ತಾದ್ಮೇಲೆ ವಾರ್ಡಿಂದ ಕರೆದ್ರು. ಅಲ್ಲೊಂದು ಮಂಚದ ಮೇಲೆ ದುಪ್ಪಟಿ ಹೊದಿಸಿತ್ತು.

"ಒಳಗೆ ಕೈ ಹಾಕು. ನಾಡಿ ಹೇಳು."

ಶಿವಲೀಲಾ ಕೈ ಹಾಕಿ, ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿದ್ಲು.

"ಅಯ್ಯೋ ಪಾಪ, ತಣ್ಣಗಾಗೋಗಿದಾರೆ! ಆದ್ರೆ ನಾಡಿ ಗಟ್ಟಿಯಾಗಿದೆ ಅಮ್ಮ. ಗಡಿಯಾರದ ಹಾಗೆ ನಡೀತಿದೆ."

ಪಕ್ಕದಲ್ಲೇ ನಿಂತಿದ್ದ ದಾಕ್ಷಾಯಿಣಿ ದುಪ್ಪಟಿ ಎಳೆದ್ಲು. ಸುಲಿದಿಟ್ಟ ಬಾಳೆದಿಂಡು.

"ಬದುಕುತ್ತೆ ಬಿಡೇ, ಮಧ್ಯಾಹ್ನದ ಪಲ್ಯ!"

ಅನಸೂಯಮ್ಮ ನಗ್ಲಿಲ್ಲ. ಶಿವಲೀಲಾಳ ಹೆಬ್ಬೆರಳು ಹಿಡ್ಕೊಂಡ್ರು. "ಇದ್ರೊಳಗೆ ನಿನ್ನದೇ ನಾಡಿ ಬಡೀತಿರುತ್ತೆ. ಇದನ್ನ ಒತ್ತಿದ್ರೆ ಕಂಬಕ್ಕೂ ಜೀವ ಬರುತ್ತೆ."

ಶಿವಲೀಲಾ ಮುಖ ಸಪ್ಪಗಾಯ್ತು. "ಹಾಗಾದ್ರೆ... ಬೆಳಿಗ್ಗೆ ನೋಡಿದ್ದು?"

"ನಿಂಗಜ್ಜಿದಲ್ಲ."

ಓಡಿದ್ಲು. ಮೂಲೆ ಮಂಚದಲ್ಲಿ ನಿಂಗಜ್ಜಿ ಕಣ್ಣು ಮುಚ್ಚಿ ಮಲಗಿತ್ತು. ಶಿವಲೀಲಾ ಹೆಬ್ಬೆರಳು ಮಡಚಿ, ಬೇರೆ ಎರಡು ಬೆರಳು ಮುದುಕಿ ಮಣಿಕಟ್ಟಿಗೆ ಇಟ್ಲು. ಏನೂ ಸಿಗ್ಲಿಲ್ಲ. ಉಸಿರು ಬಿಗಿಹಿಡಿದ್ಲು. ಸಿಕ್ತು, ನೂಲಿನಷ್ಟು ಸಣ್ಣಗೆ. ಬಡೀತು, ಬಡೀತು, ನಿಲ್ತು. ಮತ್ತೆ ಬಡೀತು.

"ಅಮ್ಮ, ತಪ್ತಿದೆ. ನಡುನಡುವೆ ತಪ್ತಿದೆ. ಡಾಕ್ಟ್ರು..."

"ಬೆಳಿಗ್ಗೆ ನೀನು ಹೋದ್ಮೇಲೆ ನಾನೂ ನೋಡ್ದೆ. ಒಂದ್ಸಲ ಬಂದು ಔಷಧಿ ಕೊಟ್ಟು ಹೋಗಿದಾರೆ, ಈಗ ಮತ್ತೆ ಬರ್ತಿದಾರೆ. ಅಲ್ಲೀವರೆಗೂ ಕೈ ಬಿಡ್ಬೇಡ."

ಬಿಡ್ಲಿಲ್ಲ. ಕಣ್ಣು ಅಜ್ಜಿ ತುಟಿ ಮೇಲೆ, ಕಿವಿ ಅಜ್ಜಿ ಉಸಿರಿನ ಮೇಲೆ, ಬೆರಳು ಅಲ್ಲೇ.

"ಏನೋ ಕೇಳ್ತಿದ್ಯಲ್ಲ," ಅಂದ್ರು ಅನಸೂಯಮ್ಮ, "ನೀನು ಯಾವ ಥರದೋಳು ಅಂತ?"

"ಸುಮ್ನಿರಿ ಅಮ್ಮಾ, ತಪ್ಪೋಗುತ್ತೆ!"

ದಾಕ್ಷಾಯಿಣಿ ಬಾಯ್ಮೇಲೆ ಕೈ ಇಟ್ಕೊಂಡ್ಲು. ಗುರುಗಳಿಗೇ ಸುಮ್ನಿರಿ ಅನ್ನೋದಾ!

ಅನಸೂಯಮ್ಮ ದಾಕ್ಷಾಯಿಣೀನ ಬಾಗಿಲ ಹತ್ರ ಕರ್ಕೊಂಡು ಹೋಗಿ ಪಿಸುಗುಟ್ಟಿದ್ರು:

"ಹೋಗಿ ಅವಳ ಪೆಟ್ಟಿಗೆ ಬಿಚ್ಚಿಡು. ಸದ್ದು ಮಾಡ್ಬೇಡ."